ಗೌರಮ್ಮನ ಮೂರು ಗಂಟೆಯ ಫೋನು

ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ಕಂಪ್ಲಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದಿದ್ದೆನೋ ಇಲ್ಲವೋ, ರೈಸ್ ಮಿಲ್ಲುಗಳ ಕಡೆಯಿಂದ ಬಿಸಿ ತೌಡಿನ ವಾಸನೆ ಬಂತು. ಜೊತೆಗಿದ್ದ ಟೀಚರ್ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಕೈ ತಾನಾಗಿ ಗಂಟಲಿಗೆ ಹೋಗಿತ್ತು. ಅಲ್ಲೊಂದು ತೆಳ್ಳನೆಯ ಗೆರೆ ಇದೆ. ಈಗ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಆ ಗೆರೆ ಬಿದ್ದ ವರ್ಷ ಯಶವಂತನಗರದ ಮಳೆಗಾಲವನ್ನು ಪೂರ್ತಿ ನಾನು ಮಾತಿಲ್ಲದೆ ಕಳೆದೆ. ನಮ್ಮ ಕ್ರೈಸ್ತ ಸಭೆಯಲ್ಲಿ ದೇವರು ನಡೆಸಿದ್ದಕ್ಕೆ ಸಾಕ್ಷಿ ಹೇಳಲು ನಿಂತಾಗ ಆ ವರ್ಷದ ಕತೆಯನ್ನು ಅರ್ಧ ಮಾತ್ರ ಹೇಳಿದ್ದೇನೆ. ಉಳಿದರ್ಧ ಕೇಳಿದರೆ ಜನ ಹೆದರುತ್ತಾರೆ ಎಂದು ಬಿಟ್ಟಿದ್ದೆ.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಸಂಡೂರಿನ ಖಾಸಗಿ ಶಾಲೆಯೊಂದರಲ್ಲಿ ಮೂರನೇ ತರಗತಿಯ ಕರುಣಾ ಟೀಚರ್ ಅಂದರೆ ನಾನು. ಭಾನುವಾರ ಯಶವಂತನಗರದ ನಮ್ಮ ಸಣ್ಣ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳೂ ನಾನೇ. ಹಾರ್ಮೋನಿಯಂ ಕೆಟ್ಟ ದಿನ ನನ್ನ ಗಂಟಲೇ ಶ್ರುತಿ. ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮ ಎಸ್ತೇರಮ್ಮನಿಗೆ ಗಣಿಯ ದವಾಖಾನೆಯಲ್ಲಿ ಆಯಾ ಕೆಲಸ ಸಿಕ್ಕಿತು, ಹಾಗಾಗಿ ಕ್ವಾರ್ಟರ್ಸಿನ ಮನೆ ನಮಗೇ ಉಳಿಯಿತು.

ಆ ಬೇಸಿಗೆಯಲ್ಲಿ ನನ್ನ ಗಂಟಲಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಾಣಿಸಿತು. ಥೈರಾಯ್ಡಿನ ಗಡ್ಡೆ, ಕೆಟ್ಟದ್ದಲ್ಲ, ಆದರೂ ತೆಗೆಸುವುದು ಒಳ್ಳೆಯದು ಎಂದರು. ಜೂನ್ ತಿಂಗಳಲ್ಲಿ ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ನರ್ಸ್ ನನ್ನ ಹೆಸರು ಕೇಳಿದಳು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಡಾಕ್ಟರು ಮೂರು ದಿನ ನೋಡಿದರು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿಯೂ ನೋಡಿದರು. ಆಮೇಲೆ ಅಮ್ಮನನ್ನು ಕೂರಿಸಿ ಹೇಳಿದರು: “ದನಿಯ ನರ ಕಟ್ ಆಗಿಲ್ಲಮ್ಮ. ಗಡ್ಡಿಗೆ ಅಂಟಿಕೊಂಡಿತ್ತು, ಬಿಡಿಸುವಾಗ ಜಗ್ಗಿದಂಗ ಆಗೈತಿ. ಹಿಂಗ ಒಬ್ಬೊಬ್ಬರಿಗೆ ಆಗ್ತೈತಿ. ಆರು ತಿಂಗಳಿಗೆ ಬರಬಹುದು, ವರ್ಷಕ್ಕ ಬರಬಹುದು.”

“ಬರದಿದ್ರ ಸಾರ್?”

“ವರ್ಷ ಕಾಯೋಣ್ರಿ. ಆಮ್ಯಾಲೆ ಮಾತಾಡೋಣ.”

ಶಾಲೆಯವರು ಡಿಸೆಂಬರ್ ತನಕ ರಜೆ ಕೊಟ್ಟರು. ಅಷ್ಟರಲ್ಲಿ ದನಿ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮಿಸ್ ಸಂಕೋಚದಿಂದಲೇ ಹೇಳಿದರು. ಗಂಗಾವತಿಯಿಂದ ಒಂದು ಸಂಬಂಧ ಬಂದಿತ್ತು. “ಹುಡುಗಿಗೆ ದನಿ ಬರಲಿ, ನೋಡೋಣ” ಎಂದವರು ಅಮ್ಮನ ಫೋನ್ ಎತ್ತುವುದನ್ನೇ ಬಿಟ್ಟರು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮೊಬೈಲೂ ಕಳೆದುಹೋಯಿತು. ಮಾತೇ ಇಲ್ಲದವಳಿಗೆ ಯಾಕೆ ಎಂದು ನಾನು ಬೇಡವೆಂದರೂ ಅಮ್ಮ ಇನ್ನೊಂದು ಫೋನು, ಹೊಸ ಸಿಮ್ಮು ತಂದುಕೊಟ್ಟಳು. “ನಾನು ಡ್ಯೂಟಿ ಮ್ಯಾಗಿರ್ತೀನಿ. ನಿಂಗೇನಾರ ಆದ್ರ ಒಂದು ಮಿಸ್ಡ್ ಕಾಲ್ ಕೊಡು.” ಆ ನಂಬರು ಅಮ್ಮನಿಗೆ ಮತ್ತು ನಮ್ಮ ಸಭೆಯ ಪಾಸ್ಟರಿಗೆ ಮಾತ್ರ ಗೊತ್ತಿತ್ತು. ಪಾಸ್ಟರನ್ನು ನಾವೆಲ್ಲ ಅಯ್ಯನವರು ಎನ್ನುತ್ತೇವೆ.

ನಮ್ಮದು ದನಿಯೆತ್ತಿ ಪ್ರಾರ್ಥಿಸುವ ಸಭೆ. ಎಲ್ಲರೂ ಒಟ್ಟಿಗೆ ಎದ್ದು ನಿಂತು, ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ದೇವರನ್ನು ಕರೆಯುತ್ತಾರೆ. ಅವರ ನಡುವೆ ನಾನು ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದೆ. ಮೊದಲ ಕೆಲವು ವಾರ ಕೇಳಿಕೊಂಡೆ. ಆಮೇಲೆ ಜಗಳವಾಡಿದೆ. ನಿನಗೆ ಹಾಡಲೆಂದೇ ಇದ್ದ ಗಂಟಲು ಇದು, ಯಾಕೆ ಮುಚ್ಚಿದೆ, ಬರುತ್ತದೋ ಇಲ್ಲವೋ ಅಷ್ಟನ್ನಾದರೂ ಹೇಳು, ಒಂದೇ ಒಂದು ಸಲ ಹ್ಞೂಂ ಅನ್ನು. ಆ ಕಡೆಯಿಂದ ಏನೂ ಇಲ್ಲ. ಜುಲೈ ಹೊತ್ತಿಗೆ ನಾನು ಭಾನುವಾರ ತಲೆನೋವೆಂದು ಸ್ಲೇಟಿನ ಮೇಲೆ ಬರೆದು ಮನೆಯಲ್ಲೇ ಉಳಿಯತೊಡಗಿದ್ದೆ.

ಸಂಡೂರಿನ ಬೆಟ್ಟಗಳಿಗೆ ಮಳೆ ಹಿಡಿದರೆ ಮೋಡ ಇಳಿದು ಓಣಿಯೊಳಗೇ ಬಂದು ನಿಲ್ಲುತ್ತದೆ. ನಮ್ಮದು ಸಾಲಿನ ಕೊನೆಯ ಮನೆ. ಗಣಿಯಲ್ಲಿ ಕೆಲಸ ಕಮ್ಮಿಯಾಗಿ ಆಚೀಚೆಯ ಐದಾರು ಮನೆಗಳಿಗೆ ಬೀಗ ಬಿದ್ದಿತ್ತು. ಬಾಗಿಲ ಮುಂದೆ ಕೆಂಪು ನೀರು ಹರಿಯುತ್ತಿತ್ತು. ಮಧ್ಯಾಹ್ನ ಎರಡೂವರೆಗೆ ಗಣಿಯ ಸೈರನ್ ಕೂಗುವುದು, ಸ್ವಲ್ಪ ಹೊತ್ತಿಗೆ ಬೆಟ್ಟದ ಹೊಟ್ಟೆಯೊಳಗೆ ಎಲ್ಲೋ ದೊಪ್ಪೆಂದು ಸ್ಫೋಟವಾಗುವುದು, ಕಿಟಕಿಯ ಗಾಜು ಗಿರ್ರೆಂದು ನಡುಗುವುದು. ಆಮೇಲೆ ಹಕ್ಕಿಯೂ ಕೂಗುವುದಿಲ್ಲ. ಆ ಹೊತ್ತಿನಲ್ಲಿ ಬೀಗ ಹಾಕಿದ ಪಕ್ಕದ ಮನೆಯೊಳಗೆ ಯಾರೋ ಪಾತ್ರೆ ಸರಿಸಿದ ಹಾಗೆ ಕೇಳಿಸುತ್ತಿತ್ತು. ಸ್ಫೋಟಕ್ಕೆ ಸಡಿಲವಾದ ತಗಡು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಕಡೆಯ ಗೋಡೆಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ, ಸರಿಯಾಗಿ ಮೂರು ಗಂಟೆಗೆ, ಫೋನ್ ಬಡಿಯಿತು. ಗೊತ್ತಿಲ್ಲದ ನಂಬರು. ಅಯ್ಯನವರ ಬೇರೆ ಫೋನಿರಬೇಕೆಂದು ಎತ್ತಿದೆ. ಆ ಕಡೆ ಮೊದಲು ಏನೂ ಇರಲಿಲ್ಲ. ಆಮೇಲೆ ಒಬ್ಬ ಮುದುಕಿಯ ದನಿ, ನಂಬಲಾರದ ಹಾಗೆ, ಬಹಳ ಮೆಲ್ಲಗೆ:

“ಯವ್ವಾ… ಎತ್ತಿದೆಲ್ಲ?”

ರಾಂಗ್ ನಂಬರ್ ಎನ್ನಲು ಹೋದೆ. ಗಂಟಲಿಂದ ಗಾಳಿ ಮಾತ್ರ ಹೊರಟಿತು.

“ನೀನ ಇದು. ಈ ಉಸುರು ನಿಂದ. ನನಗ ಗೊತ್ತಾಗಂಗಿಲ್ಲೇನು?” ಮುದುಕಿ ಅಳತೊಡಗಿದಳು. “ಮಾತಾಡಬ್ಯಾಡ, ನಿಂಗ ಆಗಂಗಿಲ್ಲ, ನಂಗೊತ್ತೈತಿ. ಕೇಳು ಸಾಕು.”

ಆಮೇಲೆ ಹತ್ತು ನಿಮಿಷ ಅವಳೇ ಮಾತಾಡಿದಳು. ಎಮ್ಮೆ ಈದಿದೆ, ಹೆಣ್ಣುಗರು. ಬಸವರಾಜನ ಸಣ್ಣ ಮಗಳಿಗೆ ಹಲ್ಲು ಬಂದಿವೆ. ಮಿಲ್ಲಿಗೆ ತೌಡು ಗುಡಿಸಲು ಹೋದರೆ, ಗೌರಮ್ಮ ಈ ವಯಸ್ಸಿಗೆ ಯಾಕ ಬರ್ತಿ ಅಂತ ಎಲ್ಲರೂ ನಗುತ್ತಾರೆ. ಕಂಪ್ಲಿಯಲ್ಲಿ ಮಳೆಯೇ ಇಲ್ಲ, ಹೊಳೆಗೆ ಮಾತ್ರ ನೀರು ಬಂದಿದೆ. ಕೊನೆಗೆ, “ಇಡ್ತೀನವ್ವ. ನಾಳಿಗಿ ಇದ ಹೊತ್ತಿಗೆ ಮಾಡ್ತೀನಿ. ಎತ್ತು ಮತ್ತ.”

ಅವತ್ತು ಸಂಜೆ ಅಮ್ಮ ಬಂದಾಗ ಸ್ಲೇಟು ಕೈಗೆತ್ತಿಕೊಂಡೆ. ಯಾರೋ ರಾಂಗ್ ನಂಬರ್, ನಾಳೆ ಡ್ಯೂಟಿಗೆ ಹೋಗುವ ಮುಂಚೆ ನೀನೊಮ್ಮೆ ಫೋನ್ ಮಾಡಿ ಹೇಳಿಬಿಡು, ಎಂದು ಬರೆಯಬೇಕಿತ್ತು. ಎರಡು ಸಾಲಿನ ಕೆಲಸ. ಬರೆಯಲಿಲ್ಲ. ಯಾಕೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ದನಿ ಹೋದಾಗಿನಿಂದ ಜನ ನನ್ನೊಂದಿಗೆ ಕಿವುಡಿಗೆ ಹೇಳುವಂತೆ ಕಿರುಚಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ನಾನು ಬಾಯಿ ತೆರೆದರೆ ಅವರ ಮುಖ ಬಾಡುತ್ತಿತ್ತು. ಈ ಒಬ್ಬಳಿಗೆ ನನ್ನ ಉಸಿರೇ ಸಾಕಾಗಿತ್ತು.

ಹೀಗೆ ಮೂರು ಗಂಟೆಯ ಫೋನು ರೂಢಿಯಾಯಿತು. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಬಂತು. ಎಲ್ಲೋ ಊರು ಬಿಟ್ಟು ಹೋದ ಮಗಳು, ತಾಯಿಯ ಮೇಲೆ ಮುನಿಸು, ಅದಕ್ಕೇ ಮಾತಿಲ್ಲವೆಂದು ಮುದುಕಿ ತಿಳಿದಿದ್ದಾಳೆ ಎಂದು ನಾನೇ ಒಂದು ಕತೆ ಕಟ್ಟಿಕೊಂಡಿದ್ದೆ. ಮಗಳ ಹೆಸರು ನಿರ್ಮಲಾ, ಮುದುಕಿಯ ಬಾಯಲ್ಲಿ ನಿಮ್ಮಿ. ಒಂದು ದಿನ ಗೌರಮ್ಮ ಕೇಳಿದಳು: “ನನ್ನ ಮ್ಯಾಲಿನ ಸಿಟ್ಟು ಹೋತೇನು ನಿಮ್ಮೀ? ಹೋಗಿದ್ರ ಒಮ್ಮಿ ತಟ್ಟು.”

ನಾನು ಉಗುರಿನಿಂದ ಫೋನಿನ ಬೆನ್ನಿಗೆ ಒಮ್ಮೆ ತಟ್ಟಿದೆ.

ನಾನು ಆ ವರ್ಷ ಮಾಡಿದ ಕೆಲಸಗಳಲ್ಲಿ ಇವತ್ತಿಗೂ ನನ್ನನ್ನು ಚುಚ್ಚುವುದು ಆ ಒಂದು ತಟ್ಟು.

ಅದಾದ ಮೇಲೆ ಅವಳ ಪ್ರಶ್ನೆಗಳು ಬದಲಾದವು. “ಅಲ್ಲಿ ಬೆಳಕು ಐತೇನವ್ವ?” ಕರೆಂಟು ಹೋಗುವ ಊರಿರಬೇಕು ಎಂದುಕೊಂಡೆ. “ಯಾರಾರ ಜೊತಿಗೆ ಅದಾರೇನು, ನೀನೊಬ್ಬಾಕೇನ?” ಹಾಸ್ಟೆಲ್ಲಿನ ವಿಷಯ ಇರಬೇಕು. “ಕುಂತು ಕುಂತು ಬೆನ್ನು ನೋಯ್ತೈತೇನು?” ಹೊಲಿಗೆ ಕೆಲಸಕ್ಕೆ ಹೋಗಿದ್ದಾಳೆ, ದಿನವಿಡೀ ಕೂತೇ ಇರಬೇಕಲ್ಲ. ಒಂದೊಂದಕ್ಕೂ ನನ್ನ ಬಳಿ ಒಂದು ಉತ್ತರವಿತ್ತು. ಆದರೂ ಫೋನ್ ಇಟ್ಟ ಮೇಲೆ ನೋಡಿದರೆ ತೋಳಿನ ಕೂದಲು ಎದ್ದು ನಿಂತಿರುತ್ತಿತ್ತು. ಒಮ್ಮೆಯಂತೂ, “ಹಸರು ಸೀರಿ ಇನ್ನೂ ಐತೇನು ಮೈಮ್ಯಾಗ, ಮಣ್ಣು ತಿಂತೇನು?” ಎಂದಳು. ನನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ಸುಮ್ಮನಾದೆ.

ನವೆಂಬರಿನ ಒಂದು ಮಧ್ಯಾಹ್ನ. ಮಳೆ ನಿಂತಿತ್ತು, ಆದರೆ ಮೋಡ ಇನ್ನೂ ಓಣಿಯಲ್ಲೇ ಇತ್ತು. ಎದುರಿನ ಬೇವಿನ ಮರ ಕಾಣುತ್ತಿರಲಿಲ್ಲ. ಗೌರಮ್ಮ ಅವತ್ತು ಎಮ್ಮೆಯ ಸುದ್ದಿ ಎತ್ತಲಿಲ್ಲ.

“ಇವತ್ತಿಗಿ ನಿನ್ನ ಮಣ್ಣಿಗಿಟ್ಟು ಎರಡು ವರ್ಷ ಆತವ್ವ,” ಎಂದಳು. “ರುದ್ರಭೂಮಿಗೆ ಹೋಗಿದ್ದೆ ಮುಂಜಾನಿ. ನಿನ್ನ ಕುಂದ್ರಿಸಿದ ಜಾಗದಾಗ ಹುಲ್ಲು ಬೆಳದೈತಿ. ಕಿವಿಗೊಟ್ಟು ಕೇಳಿದೆ. ಅಲ್ಲಿ ಏನೂ ಕೇಳಲಿಲ್ಲ. ಫೋನಿನ್ಯಾಗ ಇಷ್ಟು ಚಂದ ಕೇಳ್ತೈತಲ್ಲ ನಿನ್ನ ಉಸುರು, ಅಲ್ಲಿ ಯಾಕ ಕೇಳಂಗಿಲ್ಲ?”

ಅವರ ಜನರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕುಂತು ಕುಂತು ಬೆನ್ನು ನೋಯುತ್ತದೆಯೇ ಎಂದು ಅವಳು ಕೇಳಿದ್ದು ಯಾರನ್ನು ಎಂದು ಆಗ ತಿಳಿಯಿತು. ನಾನು ಉಸಿರು ಬಿಗಿಹಿಡಿದೆ.

“ಯಾಕ ಉಸುರು ನಿಂತಿತು?” ಗೌರಮ್ಮನ ದನಿ ಚೀರಿತು. “ನಿಮ್ಮೀ! ಅವತ್ತೂ ಹಿಂಗ ನಿಂತಿತ್ತು! ಉಸುರಾಡು ಯವ್ವಾ, ಉಸುರಾಡು!”

ನಾನು ಉಸಿರಾಡಿದೆ. ಅವಳು ಸಮಾಧಾನವಾಗುವ ತನಕ ಉಸಿರಾಡಿದೆ. ಆಮೇಲೆ ಫೋನ್ ಹಾಸಿಗೆಯ ಮೇಲೆ ಎಸೆದು ಎದ್ದೆ. ಗೋಡೆಯ ಕನ್ನಡಿಯಲ್ಲಿ ಕಂಡ ಮುಖ ನನ್ನದೇ ಎಂದು ಖಾತ್ರಿಯಾಗಲಿಲ್ಲ. ಹತ್ತಿರ ಹೋಗಿ ಗಾಜಿಗೆ ಬಾಯಿಟ್ಟು ಊದಿದೆ. ಮಂಜು ಕೂತಿತು. ಅದನ್ನು ಬೆರಳಿಂದ ಒರೆಸಿ, ಮತ್ತೊಮ್ಮೆ ಊದಿ ನೋಡಿದೆ.

ಮುಂದಿನ ನಾಲ್ಕು ದಿನ ನಾನು ಫೋನ್ ಎತ್ತಲಿಲ್ಲ. ಮೂರಕ್ಕೆ ಬಡಿದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿದುಕೊಳ್ಳುತ್ತಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಕಿವಿ ಮುಚ್ಚಿ ಕೂರುತ್ತಿದ್ದೆ. ಐದನೇ ದಿನ ಅಮ್ಮನಿಗೆ ರಜೆ. ಬಡಿಯುವ ಫೋನನ್ನೂ ನನ್ನನ್ನೂ ಒಮ್ಮೆ ನೋಡಿದಳು. “ಯಾರಿದು? ಯಾಕ ಹೆದರಾಕತ್ತಿ?”

ನಾನು ಸ್ಲೇಟು ತುಂಬ ಬರೆದೆ. ಒರೆಸಿ ಮತ್ತೆ ಬರೆದೆ. ಆರು ಸಲ ಸ್ಲೇಟು ತುಂಬಿತು. ಅಮ್ಮ ಓದಿ ಮುಗಿಸಿ ಸ್ಲೇಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು:

“ಬಾಯಿಲ್ಲದಾಕಿ ಸುಳ್ಳು ಹೆಂಗ ಹೇಳ್ದಿ?”

ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಾನು ಅವಳ ಮಡಿಲಲ್ಲಿ ತಲೆಯಿಟ್ಟು, ಸದ್ದಿಲ್ಲದ ಅಳು ಅತ್ತೆ.

ಸಂಜೆ ಅಯ್ಯನವರು ತಮ್ಮ ಹಳೆಯ ಮೊಪೆಡ್ಡಿನ ಮೇಲೆ ಬಂದರು. ಎಪ್ಪತ್ತು ದಾಟಿದವರು. ಅಮ್ಮ ಎಲ್ಲ ಹೇಳಿದಳು. ಸಿಮ್ಮು ಮುರಿದು ಬಿಸಾಡಿಬಿಡೋಣವೇ ಎಂದೂ ಕೇಳಿದಳು. ಅಯ್ಯನವರು ನನ್ನ ಕಡೆ ತಿರುಗಿದರು. “ನೀನೇನಂತಿ?”

ನಾನು ಸ್ಲೇಟಿನ ಮೇಲೆ ಬರೆದದ್ದು ಮುದುಕಿಯ ವಿಷಯವಲ್ಲ. ‘ದೇವರು ನನಗೆ ಯಾವಾಗ ಉತ್ತರ ಕೊಡುತ್ತಾನೆ?’ ಎಂದು ಬರೆದಿದ್ದೆ. ಐದು ತಿಂಗಳಿಂದ ಹೊಟ್ಟೆಯಲ್ಲಿದ್ದದ್ದು ಅದೇ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ದೇವರ ಟೈಮು ನಂಗ ಗೊತ್ತಿಲ್ಲಮ್ಮ. ಐವತ್ತು ವರ್ಷ ಪ್ರಸಂಗ ಮಾಡೀನಿ, ಆದ್ರೂ ಗೊತ್ತಿಲ್ಲ. ಆದ್ರ ಆ ಅಜ್ಜಿ ಟೈಮು ನಮಗ ಗೊತ್ತೈತಿ. ಮೂರು ಗಂಟೆ. ಅದನ್ನ ಮೊದಲು ನೋಡೋಣ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, “ಫೋನಿನ್ಯಾಗ ಹೇಳಬ್ಯಾಡ್ರಿ. ಎದುರಿಗೆ ಹೋಗ್ರಿ. ಆಕಿ ನಿನ್ನ ಮುಖ ನೋಡಬೇಕು.”

ಮರುದಿನ ಬೆಳಿಗ್ಗೆ ಅಮ್ಮ ತನ್ನ ಫೋನಿನಿಂದ ಆ ನಂಬರಿಗೆ ಮಾಡಿದಳು. ಎತ್ತಿದ್ದು ಗೌರಮ್ಮನ ಮಗ ಬಸವರಾಜ. ವಿಷಯ ಕೇಳಿ ಅವನು ಮೊದಲು ಕೂಗಾಡಿದ. ಆಮೇಲೆ ಅವನ ದನಿಯೇ ಇಳಿದುಹೋಯಿತು. “ಅಕ್ಕಾರ, ನಮ್ಮ ಅವ್ವ ದಿನಾ ಹಿಂದಿನ ಕ್ವಾಣಿ ಸೇರಿ ಸತ್ತಾಕಿ ಜೊತಿ ಮಾತಾಡ್ತಾಳ ಅಂತ ನನ್ನ ಹೇಣ್ತಿ ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗ್ಯಾಳ. ಊರಾಗ ಮಂದಿ ದೆವ್ವ ಬಿಡಸ್ರಿ ಅಂತಾರ. ನೀವು ಜಲ್ದಿ ಬರ್ರಿ. ನಾ ಹೇಳಿದ್ರ ಆಕಿ ನಂಬಂಗಿಲ್ಲ.”

ಡಿಸೆಂಬರ್ ಮೊದಲ ವಾರ ಅಮ್ಮ ನಾನು ಹೊಸಪೇಟೆಗೆ ಹೋಗಿ ಕಂಪ್ಲಿಯ ಬಸ್ಸು ಹಿಡಿದೆವು. ಗದ್ದೆಗಳಲ್ಲಿ ಭತ್ತದ ಕಟಾವು ನಡೆದಿತ್ತು, ಊರಿಗೆ ಊರೇ ತೌಡು, ಉಮಿಯ ವಾಸನೆ. ಮಿಲ್ಲಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಬಸವರಾಜ ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಕಂಬಕ್ಕೆ ಒರಗಿ ಗೌರಮ್ಮ ಕೂತಿದ್ದಳು. ನಾನು ಎಣಿಸಿದ್ದಕ್ಕಿಂತ ಬಹಳ ಸಣ್ಣ ಆಳು. ಹಣೆಯ ಮೇಲೆ ವಿಭೂತಿ, ಮಡಿಲಲ್ಲಿ ಗುಂಡಿ ಒತ್ತುವ ಹಳೆಯ ಫೋನು.

“ಯಾರಿವರು?” ಎಂದಳು ಮಗನಿಗೆ.

ನಾನು ಹೋಗಿ ಅವಳ ಪಕ್ಕ ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಎಲ್ಲ ಮರೆತಿತ್ತು. ಅವಳ ಕಿವಿಯ ಹತ್ತಿರ ಬಾಯಿ ತಂದು ಸುಮ್ಮನೆ ಉಸಿರಾಡಿದೆ.

ಗೌರಮ್ಮ ಅಲುಗಾಡಲಿಲ್ಲ. ನಾನು ಎರಡನೇ ಸಲ, ಮೂರನೇ ಸಲ ಉಸಿರು ಬಿಟ್ಟೆ. ಅವಳ ಕೈ ಮೆಲ್ಲಗೆ ಮೇಲೆದ್ದು ನನ್ನ ಕೆನ್ನೆ ಮುಟ್ಟಿತು, ಅಲ್ಲಿಂದ ಜಾರಿ ಗಂಟಲಿಗೆ ಬಂತು, ಇನ್ನೂ ಕೆಂಪಗಿದ್ದ ಗೆರೆಯ ಮೇಲೆ ನಿಂತಿತು.

“ಬೆಚ್ಚಗದಿ,” ಎಂದಳು. “ನೀ ಬೆಚ್ಚಗದಿ.”

ಅಮ್ಮ ಅವಳ ಎದುರು ಕೂತು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಆಪರೇಷನ್ನು, ಹೋದ ದನಿ, ಹೊಸ ಸಿಮ್ಮು. ಸತ್ತವರ ನಂಬರನ್ನು ಕಂಪನಿಯವರು ಸ್ವಲ್ಪ ಕಾಲ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ ಎಂಬುದನ್ನು ಬಸವರಾಜ ಎರಡೆರಡು ಸಲ ಬಿಡಿಸಿ ಹೇಳಿದ. ನಾನು ತಟ್ಟಿದ್ದನ್ನೂ ಅಮ್ಮ ಮುಚ್ಚಿಡಲಿಲ್ಲ. “ತಪ್ಪು ಮಾಡ್ಯಾಳ ನನ್ನ ಮಗಳು. ಅದಕ್ಕ ಬಂದೀವಿ.” ನಾನು ಕೈ ಮುಗಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ.

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳು ಹೇಳಿದ್ದು ನಾವು ಯಾರೂ ಎಣಿಸದ ಮಾತು.

“ನನ್ನ ಮಗಳಿಗೆ ಉಬ್ಬಸ ಇತ್ರಿ. ನನ್ನ ತೊಡಿ ಮ್ಯಾಲೆ ಉಸುರಿಗೆ ಒದ್ದಾಡಿ ಒದ್ದಾಡಿ ಹೋದ್ಳು. ಎರಡರ ಗುಂಡಿ ಒತ್ತಿ ಹಿಡದ್ರ ನಂಗ ಫೋನ್ ಬರ್ತೈತಿ ಅಂತ ಆಕೀನ ತೋರಿಸಿಕೊಟ್ಟಿದ್ಳು. ಸತ್ತ ಮ್ಯಾಲೂ ಒತ್ತತಿದ್ದೆ. ಯಾವಾಕ್ಯೋ ‘ಈ ನಂಬರು ಇಲ್ಲ’ ಅಂತ ಹೇಳಾಕಿ. ಒಂದು ದಿನ ಎತ್ತಿದ್ರು. ಅದ ಉಸುರು. ಕೊರ ಕೊರ ಅನ್ನೋ ಗಾಳಿ. ಅವತ್ತಿಂದ ನಂಗ ನಿದ್ದಿಲ್ರಿ. ನನ್ನ ಕೂಸು ಸತ್ತರೂ ಆರಾಮ ಆಗಿಲ್ಲ, ಆ ಕತ್ತಲಾಗ ಕುಂತು ಇನ್ನೂ ಉಸುರಿಗೆ ಒದ್ದಾಡಾಕತ್ತಾಳ ಅಂತ ದಿನಾ ಸತ್ತೀನಿ.”

“ಅಷ್ಟು ಸಂಕಟ ಇದ್ದು ಮತ್ಯಾಕ ದಿನಾ ಫೋನ್ ಮಾಡಿದ್ರಿ?” ಎಂದಳು ಅಮ್ಮ.

“ಹಂಗ ಒದ್ದಾಡಾಕಿನ ಒಬ್ಬಾಕಿನ ಬಿಡಾಕ ಆಗ್ತೈತೇನ್ರಿ?”

ಗೌರಮ್ಮ ಮತ್ತೆ ನನ್ನ ಗಂಟಲು ಮುಟ್ಟಿ ನೋಡಿದಳು. ನೋಡುನೋಡುತ್ತ ಅವಳ ಮುಖ ಸಡಿಲವಾಯಿತು. “ಹಂಗಾದ್ರ ಒದ್ದಾಡಿದಾಕಿ ನೀನು. ಆಕಿ ಅಲ್ಲ. ಆಕಿ ಅಲ್ಲಿಲ್ಲ. ಆಕಿ ಹೋಗ್ಯಾಳ, ಆರಾಮ ಆಗ್ಯಾಳ.” 

ಹಾಗೆನ್ನುತ್ತ ಅವಳು ನಕ್ಕಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ತುಂಬ ನಗು. ಬಾಗಿಲಲ್ಲಿ ನಿಂತಿದ್ದ ಬಸವರಾಜ ಗೋಡೆಗೆ ಮುಖ ಮಾಡಿ ಅತ್ತ. ಆಮೇಲೆ ಚಹಾ ಬಂತು. ಲೋಟ ನನ್ನ ಕೈಗೆ ಕೊಡುತ್ತ ಗೌರಮ್ಮ ಕೇಳಿದಳು, “ನಾ ಹೇಳಿದ್ದೆಲ್ಲ ಕೇಳ್ದೇನು ನೀನು?”

ತಲೆಯಾಡಿಸಿದೆ.

“ಎಮ್ಮೀದೂ?”

ಅದಕ್ಕೂ ತಲೆಯಾಡಿಸಿದೆ.

“ಹಂಗಾದ್ರ ದಂಡ ಆಗಲಿಲ್ಲ ಬಿಡು.”

ಮರಳುವಾಗ ಕಮಲಾಪುರ ಸಮೀಪಿಸುವ ಹೊತ್ತಿಗೆ ಸೂರ್ಯ ಇಳಿದಿದ್ದ. ಹಂಪಿಯ ಕಡೆಯ ಬಂಡೆಗಳು ಕಿಟಕಿಯಾಚೆ ಸಾಲುಸಾಲಾಗಿ, ಮೊಣಕಾಲು ಮಡಚಿ ಕೂತ ಮನುಷ್ಯರ ಹಾಗೆ ಕಾಣುತ್ತಿದ್ದವು. ಬೆಳಿಗ್ಗೆ ಬರುವಾಗ ಅವನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡಿದ್ದೆ. ಈಗ ನೋಡಿದೆ. ಹೆದರಿಕೆ ಇರಲಿಲ್ಲ. ಆ ಜಾಗದಲ್ಲಿ ಬೇರೇನೋ ತುಂಬಿಕೊಳ್ಳುತ್ತಿತ್ತು. ಅದಕ್ಕೆ ಏನು ಹೆಸರೆಂದು ನನಗೆ ಹೊಳೆಯಲು ಹೊಸಪೇಟೆ ಬರಬೇಕಾಯಿತು. ಸಂತೋಷ. ದನಿ ಬಂದಿರಲಿಲ್ಲ, ಕೆಲಸ ಉಳಿಯುವುದು ಅನುಮಾನವಾಗಿತ್ತು, ಗಂಗಾವತಿಯವರು ಬೇರೆ ಹುಡುಗಿ ನೋಡಿಯಾಗಿತ್ತು. ಆದರೂ ಎದೆ ಹಗುರವಾಗಿತ್ತು. ಬೆಳಿಗ್ಗೆಯಿಂದ ನಾನು ದೇವರನ್ನು ಏನೂ ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಕೇಳಬೇಕೆನ್ನಿಸಲೂ ಇಲ್ಲ. ಐದು ತಿಂಗಳಿಂದ ಆ ಕಡೆ ಯಾರೂ ಇಲ್ಲವೆಂದು ಜಗಳವಾಡುತ್ತಿದ್ದೆನಲ್ಲ. ಆ ಸಂಜೆ ಬಸ್ಸಿನಲ್ಲಿ, ಪಕ್ಕದಲ್ಲಿ ಅಮ್ಮ ತೂಕಡಿಸುತ್ತಿದ್ದಷ್ಟೇ ಸಹಜವಾಗಿ, ಅವನು ಇದ್ದ. ಮಾತಾಡಲಿಲ್ಲ. ಇದ್ದ.

ನನ್ನ ದನಿ ಹೋದದ್ದೇ ಇದಕ್ಕಾಗಿ ಎಂದು ಸಭೆಯಲ್ಲಿ ಕೆಲವರು ಹೇಳಿದರು. ಹಾಗೆ ನುಣ್ಣಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಜುಲೈನಲ್ಲಿ ದನಿ ಇದ್ದಿದ್ದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದೆ, ನಿಜ. ಗೌರಮ್ಮನ ಮುಖವನ್ನೇ ಕಾಣುತ್ತಿರಲಿಲ್ಲ. ಆದರೆ ಅಷ್ಟು ತಿಂಗಳ ಅವಳ ನಿದ್ದೆ ಕೆಡಿಸಿದವಳು ನಾನು, ಅದನ್ನು ದೇವರ ಲೆಕ್ಕಕ್ಕೆ ಹಾಕಲಾರೆ. ನನ್ನ ತಪ್ಪಿನ ನಡುವೆಯೂ ಅವನ ಹೊತ್ತು ಬಂತು ಎಂದಷ್ಟೇ ಹೇಳಬಲ್ಲೆ.

ಆ ಕ್ರಿಸ್‌ಮಸ್ ಬೆಳಿಗ್ಗೆ ಹಾಡುವವರ ಸಾಲಿನಲ್ಲಿ ಹೋಗಿ ನಿಂತೆ. ಒಂದೇ ಒಂದು ಸ್ವರ ಹೊರಡಲಿಲ್ಲ. ಬಾಯಿ ತೆರೆದು, ಎಲ್ಲರ ಜೊತೆ ಉಸಿರು ತೆಗೆದು, ಎಲ್ಲರ ಜೊತೆ ಬಿಟ್ಟೆ. ನನ್ನ ಜಾಗದಲ್ಲಿ ಹಾಡು ಎತ್ತಿಕೊಟ್ಟ ಹುಡುಗಿ ತಪ್ಪಿದ ಕಡೆ ಕೈಯಿಂದ ತಾಳ ಹಾಕಿ ಸರಿಮಾಡಿದೆ. ಅಮ್ಮ ನನ್ನನ್ನು ನೋಡಿ, ಇದೇನು ಹೀಗೆ ಹೊಳೆಯುತ್ತಿದ್ದೀಯ ಎನ್ನುವಂತೆ ಹುಬ್ಬೇರಿಸಿದಳು. ಜನವರಿಯಲ್ಲಿ ಶಾಲೆಯವರು ನನ್ನ ತರಗತಿಯನ್ನು ಬೇರೊಬ್ಬರಿಗೆ ಕೊಟ್ಟರು. ಅವತ್ತು ಅತ್ತೆ. ಆದರೆ ಹಿಂದಿನ ಹಾಗೆ ಜಗಳವಾಡಲಿಲ್ಲ.

ಗೌರಮ್ಮ ಮೂರು ಗಂಟೆಯ ಫೋನು ಬಿಡಲಿಲ್ಲ. ಈಗ ಅವಳಿಗೆ ನಾನು ಯಾರೆಂದು ಗೊತ್ತಿತ್ತು. “ಕರುಣಾ, ನಾನವ್ವ,” ಎಂದು ಶುರುಮಾಡುತ್ತಿದ್ದಳು. ಸೊಸೆ ಮಕ್ಕಳೊಂದಿಗೆ ಮರಳಿದ್ದಳು. ಹಲ್ಲು ಬಂದ ಸಣ್ಣದು ಈಗ ಅಜ್ಜಿಯ ಫೋನು ಕಚ್ಚುತ್ತಿತ್ತಂತೆ.

ಫೆಬ್ರವರಿಯ ಒಂದು ಬೆಳಿಗ್ಗೆ ಅಂಗಳದಲ್ಲಿ ಶಾವಿಗೆ ಒಣಹಾಕಿ ಒಳಗೆ ಹೋಗಿದ್ದೆ. ಹೊರಬಂದರೆ ಯಾರದೋ ಆಡು ಅದಕ್ಕೆ ಬಾಯಿ ಹಾಕಿತ್ತು. “ಹೇಯ್!” ಎಂದು ಒಂದು ಗಡಸು ಕೂಗು ಕೇಳಿತು. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಬೀಗ ಹಾಕಿದ ಮನೆಗಳು, ಕೆಂಪು ಧೂಳು, ಓಡಿಹೋಗುತ್ತಿದ್ದ ಆಡು. ಸ್ವಲ್ಪ ಹೊತ್ತು ಹಾಗೇ ನಿಂತೆ. ಆಮೇಲೆ ಹೆದರಿ ಹೆದರಿ, ಬಹಳ ಮೆಲ್ಲಗೆ, ಮತ್ತೊಮ್ಮೆ “ಹೇಯ್” ಎಂದೆ. ಕೂಗಿದವಳು ನಾನೇ.

ಅದು ನನ್ನ ಹಳೆಯ ದನಿಯಾಗಿರಲಿಲ್ಲ. ದಪ್ಪಗೆ, ಒಡಕಾಗಿ, ಬಾವಿಯ ತಳದಿಂದ ಬಂದಂತಿತ್ತು. ಇವತ್ತಿಗೂ ಹಾಗೇ ಇದೆ, ಮತ್ತೆ ಪಾಠ ಹೇಳತೊಡಗಿದ್ದೂ ಈ ದನಿಯಲ್ಲೇ. ಹಾಡಿನಲ್ಲಿ ಈಗ ನನ್ನದು ಗಂಡಸರ ಸಾಲು.

ಅಮ್ಮನ ದವಾಖಾನೆಗೆ ಓಡಿಹೋಗಿ ಹೇಳಿ ಬಂದೆ. ಅವಳು ಕಸಬರಿಗೆ ಹಿಡಿದೇ ಮೊಣಕಾಲೂರಿದಳು. ಮನೆಗೆ ಬಂದು ಮೂರು ಗಂಟೆಗೆ ಕಾದೆ. ಫೋನ್ ಬಡಿದ ಕೂಡಲೇ ಎತ್ತಿ, “ಗೌರಮ್ಮಾ, ಹೆಂಗದೀರಿ?” ಎಂದೆ.

ಆ ಕಡೆಯಿಂದ ಖಡಕ್ಕಾಗಿ ಒಂದು ದನಿ: “ಯಾರಲೇ ನೀನು? ನಮ್ಮ ಹುಡುಗಿ ಫೋನು ನಿನ್ನ ಕೈಯಾಗ ಹೆಂಗ ಬಂತು?”

“ನಾನ ರೀ, ಕರುಣಾ.”

“ಸುಳ್ಳು ಹೇಳಬ್ಯಾಡ. ಆಕಿ ಮಾತಾಡಂಗಿಲ್ಲ. ಆಕೀಗೆ ಕೊಡು ಮೊದಲು.”

ನನಗೆ ಬೇರೆ ದಾರಿ ಉಳಿಯಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ಹಿಡಿದು ಉಸಿರು ಬಿಟ್ಟೆ.

“ಅಯ್ಯ ಶಿವನ! ನೀನ!” ಗೌರಮ್ಮ ಕಿರುಚಿದಳು, ಯಾರನ್ನೋ ಕರೆದಳು, ಏನೋ ಬಿದ್ದ ಸದ್ದಾಯಿತು. ಮರಳಿ ಬಂದಾಗ ಏದುಸಿರು ಬಿಡುತ್ತಿದ್ದವಳು ಅವಳು. “ಹೇಳವ್ವ. ಇಷ್ಟು ದಿನ ನಾನ ಬಡಬಡಿಸೀನಿ. ಇವತ್ತು ನೀ ಹೇಳು, ನಾ ಬಾಯಿ ಮುಚ್ಚಿ ಕುಂದರ್ತೀನಿ.”

ಎಂಟು ತಿಂಗಳು ಹೇಳಬೇಕೆಂದು ಕೂಡಿಟ್ಟದ್ದರಲ್ಲಿ ಒಂದೂ ಆ ಹೊತ್ತಿಗೆ ನೆನಪಾಗಲಿಲ್ಲ. ನನಗೆ ನಗು ಬಂತು. ಆ ಒಡಕು ದನಿಯಲ್ಲಿ ನಗುತ್ತಲೇ, ಶಾವಿಗೆ ತಿಂದ ಆಡಿನ ಸುದ್ದಿ ಹೇಳತೊಡಗಿದೆ.